ಹೊಗೆ ಬಟ್ಟೆ

ರಾತ್ರಿ ಹನ್ನೊಂದರ ಹೊತ್ತಿಗೆ ಪಕ್ಕದ ಮನೆಯ ಕಡೆಯಿಂದ 'ಚ್ಚ್' ಎಂದು ಒಂದು ಸಣ್ಣ ಸದ್ದು ಬಂತು. ಬೇರೆ ಯಾರಾದರೂ ಆಗಿದ್ದರೆ ಹಲ್ಲಿಯೆಂದುಕೊಂಡು ಮಗ್ಗುಲು ಬದಲಿಸುತ್ತಿದ್ದರು. ಮಹದೇವು ಎದ್ದು ಕುಳಿತ. ಅದು ಚಿಕ್ಕನಂಜಮ್ಮ ಲೊಚಗುಟ್ಟಿದ ಸದ್ದು ಎಂದು ಅವನಿಗೆ ಗೊತ್ತಿತ್ತು. ಆಕೆ ಒಂದು ಸಲ ಲೊಚಗುಟ್ಟಿದರೆ ಬೆಳಗ್ಗೆ ಬೈಗುಳ. ಎರಡು ಸಲವಾದರೆ ಪಂಚಾಯಿತಿ. ಅವನು ಉಸಿರು ಹಿಡಿದು ಕಾದ.

'ಚ್ಚ್.'

ಮಹದೇವು ಮತ್ತೆ ಮಲಗಿದ. ನಿದ್ದೆಯೇನೂ ಬರಲಿಲ್ಲ.

ಮದ್ದೂರು ಕಡೆಯ ಕೊಪ್ಪದಲ್ಲಿ ಮಹದೇವುವಿನದು ಹಿಟ್ಟಿನ ಗಿರಣಿ. ಕರೆಂಟು ಇದ್ದಾಗ ಮೋಟಾರಿನಲ್ಲಿ, ಇಲ್ಲದಾಗ ಅವನ ಅಪ್ಪನ ಕಾಲದ ಡೀಸೆಲ್ ಇಂಜಿನ್ನಿನಲ್ಲಿ ಅದು ಓಡುತ್ತಿತ್ತು. ಹಗಲಿನಲ್ಲಿ ಕರೆಂಟು ನೆಂಟರ ಹಾಗೆ ಬಂದು ಹೋಗುವ ಊರಾದ್ದರಿಂದ ಗಿರಣಿ ನಿಂತಿದ್ದೇ ಇಂಜಿನ್ನಿನ ಮೇಲೆ. ಅದರ ಹೊಗೆ ಕೊಳವೆ ಗೋಡೆ ತೂರಿ ಹೊರಬರುತ್ತಿದ್ದುದು ಚಿಕ್ಕನಂಜಮ್ಮನ ಹಿತ್ತಲ ಕಡೆಗೆ. ಆ ಹಿತ್ತಲಿನಲ್ಲಿ ಆಕೆ ಬಟ್ಟೆ ಒಣಗಿಸುವ ತಂತಿ. ತಂತಿಯ ಮೇಲೆ ಅಂದು ಆಕೆಯ ದೇವಸ್ಥಾನದ ಬಿಳಿ ಸೀರೆ. ಎತ್ತಿಡಲು ಮರೆತಿದ್ದವಳು ರಾತ್ರಿ ನೆನಪಾಗಿ ಒಳಗೆ ತಂದು ದೀಪದ ಬೆಳಕಿಗೆ ಹಿಡಿದಾಗ, ಸೆರಗಿನ ತುಂಬ ಎಳ್ಳು ಚೆಲ್ಲಿದಂತೆ ಮಸಿಯ ಚುಕ್ಕೆಗಳು. ಎರಡು ಸಲ ಲೊಚಗುಟ್ಟಲು ಅಷ್ಟು ಸಾಕಾಗಿತ್ತು.

ಪಂಚಾಯಿತಿ ಮೆಂಬರು ಕರಿಯಯ್ಯ ಎರಡೂ ಕಡೆಯ ಮಾತು ಕೇಳಿ, ಇಬ್ಬರ ಮನೆಯಲ್ಲೂ ಕಾಫಿ ಕುಡಿದು, ಒಂದು ದಾರಿ ಹುಡುಕಿದ. ಮಂಡ್ಯದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಹೇಮಶ್ರೀ ಎಂಬ ಮಳವಳ್ಳಿಯ ಹುಡುಗಿ ಸಂಶೋಧನೆ ಮಾಡುತ್ತಿದ್ದಳು. ಹೋಟೆಲುಗಳಲ್ಲಿ ಕರಿದು ಬಿಟ್ಟ ಎಣ್ಣೆಯಿಂದ ಬಯೋಡೀಸೆಲ್ ಮಾಡಿ, ಅದನ್ನು ಹಳೆಯ ಇಂಜಿನ್ನುಗಳಿಗೆ ಕುಡಿಸಿ, ಅವು ಎಷ್ಟು ಹೊಗೆ ಉಗುಳುತ್ತವೆಂದು ಅಳೆಯುವುದು ಅವಳ ಕೆಲಸ. ಅವಳಿಗೆ ಹಳೆಯ ಇಂಜಿನ್ನು ಬೇಕಿತ್ತು, ಮಹದೇವುವಿಗೆ ಹೊಗೆ ಕಡಿಮೆಯಾಗಬೇಕಿತ್ತು, ಕರಿಯಯ್ಯನಿಗೆ ತಂಟೆ ಮುಗಿಯಬೇಕಿತ್ತು.

ಹೀಗೆ ಶ್ರಾವಣದ ಎರಡನೆಯ ಶನಿವಾರ ಬೆಳಗ್ಗೆ ಎಂಟಕ್ಕೆ ಹೇಮಶ್ರೀ ಸ್ಕೂಟರಿನಲ್ಲಿ ಬಂದಿಳಿದಳು. ತಂತಿಯ ಬಳೆಗೆ ಬಿಗಿದ ಕರವಸ್ತ್ರದಷ್ಟು ಅಗಲದ ಬಿಳಿ ಬಟ್ಟೆಯೊಂದನ್ನು ಕೊಳವೆಯ ಬಾಯಿಂದ ಗೇಣು ದೂರಕ್ಕೆ ಕಟ್ಟಿ, ಒಂದು ಗಂಟೆ ಮಾಮೂಲು ಡೀಸೆಲಿನಲ್ಲೇ ಇಂಜಿನ್ನು ಓಡಿಸಿದಳು. ಬಟ್ಟೆ ಬಾಣಲೆಯ ತಳದ ಹಾಗಾಯಿತು. ಅದನ್ನು ಚಿಮುಟದಲ್ಲಿ ತೆಗೆದು, ಕವರಿಗೆ ಹಾಕಿ ತನ್ನ ಚೀಲದಲ್ಲಿಟ್ಟುಕೊಂಡಳು. ಆಮೇಲೆ ಟ್ಯಾಂಕಿನ ಡೀಸೆಲ್ ಇಳಿಸಿ, ಕ್ಯಾನಿನಲ್ಲಿ ತಂದಿದ್ದ ಹಳದಿ ಬಯೋಡೀಸೆಲ್ ಸುರಿದು, ಇನ್ನೊಂದು ಹೊಸ ಬಟ್ಟೆ ಕಟ್ಟಿದಳು.

"ಇದಕ್ಕೆ ನಾವು ಹೊಗೆ ಬಟ್ಟೆ ಅಂತೀವಿ," ಎಂದಳು, 'ಹೊ' ಅಕ್ಷರವನ್ನು ಒತ್ತಿ, ಎದುರಿಗೆ ದೀಪವಿದ್ದಿದ್ದರೆ ಆರಿಹೋಗುವ ಹಾಗೆ. "ಈ ಎಣ್ಣೆಯಲ್ಲಿ ಆಮ್ಲಜನಕ ಇರೋದರಿಂದ ಚೆನ್ನಾಗಿ ಉರಿಯುತ್ತೆ, ಮಸಿ ಕಡಿಮೆ. ನೈಟ್ರೋಜನ್ ಆಕ್ಸೈಡು ಮಾತ್ರ ಸ್ವಲ್ಪ ಜಾಸ್ತಿ ಆಗಬಹುದು, ಅದು ಕಣ್ಣಿಗೆ ಕಾಣೋದಿಲ್ಲ. ಒಂದು ಗಂಟೆ ಇಂಜಿನ್ ಓಡಲಿ. ನಾನು ವೈದ್ಯನಾಥಪುರದಲ್ಲಿ ಇನ್ನೊಂದು ಇಂಜಿನ್ ನೋಡಿಕೊಂಡು ಮಧ್ಯಾಹ್ನ ಬರ್ತೀನಿ. ಅಲ್ಲಿಯವರೆಗೆ ಹೊಗೆ ಬಟ್ಟೇನ ಯಾರೂ ಮುಟ್ಟಬಾರದು, ಅಣ್ಣಾ."

ಜೊತೆಗಿದ್ದ ಕರಿಯಯ್ಯ ಇಷ್ಟನ್ನೂ ಊರಿಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದ.

"ಕೇಳ್ಸಕೊಂಡ್ಯೇನ್ಲಾ ಮಾದೇವ? ಬಟ್ಟೆ ಕರ್ರಗಾದ್ರೆ ಮಿಲ್ಲಿಗೆ ಬೀಗ. ಬಟ್ಟೆ ಮುಟ್ಟಿದ್ರೂ ಬೀಗ. ಬೀಗ ನನ್ ಜೇಬಲ್ಲೇ ಐತೆ."

ನಿಜವಾಗಿಯೂ ಇತ್ತು. ತೆಗೆದು ತೋರಿಸಿದ. ಹೊಸ ಬೀಗ, ಇನ್ನೂ ಅಂಗಡಿಯ ಚೀಟಿ ಅಂಟಿಕೊಂಡಿತ್ತು.

ಅವರಿಬ್ಬರೂ ಹೋದರು. ಇಂಜಿನ್ನು ಬಡಬಡ ಓಡುತ್ತಿತ್ತು. ರಾಗಿ ಬೀಸಿಸಲು ಬಂದಿದ್ದ ಸಣ್ಣಯ್ಯ ತನ್ನ ಮೂಟೆಯ ಮೇಲೆ ಕುಳಿತು ಒಂದೆರಡು ಸಲ ಮೂಗು ಅರಳಿಸಿದ.

"ಮಾದೇವ, ಇದು ಕಬಾಬ್ ಎಣ್ಣೆ ಕಣ್ಲಾ."

"ಸುಮ್ಕಿರ್ಲಾ. ಮೇಡಂ ಸೋಸಿ, ತೊಳ್ದು, ಔಸ್ದಿ ಆಕಿ ಮಾಡವ್ರೆ."

"ಎಷ್ಟ್ ತೊಳುದ್ರೂ ಕೋಳಿ ಕೋಳಿನೇ. ಈ ಮೂಗು ಸುಳ್ಳೇಳಾಕಿಲ್ಲ. ಎದ್ದಾರಿ ಪಕ್ಕದ ಓಟ್ಲುದು, ಅದೂ ಚೆನ್ನಾಗಿ ಕಾರ ಆಕಿರೋದು."

ಶ್ರಾವಣ ಶುರುವಾದಾಗಿನಿಂದ ಊರಿನ ಯಾವ ಮನೆಯಲ್ಲೂ ಮಾಂಸದ ಸಾರು ಕುದಿದಿರಲಿಲ್ಲ. ಹತ್ತು ನಿಮಿಷದಲ್ಲಿ ಗಿರಣಿಯ ಹಿಂದೆ ಏಳೆಂಟು ಜನ ಸೇರಿದರು. ಯಾರಿಗೂ ಬೀಸಿಸುವುದು ಇರಲಿಲ್ಲ. ಗಾಳಿ ಬೀಸಿದ ಕಡೆಗೆ ಮುಖ ಮಾಡಿ, ಕಣ್ಣು ಅರೆಮುಚ್ಚಿ, ಮಂಗಳಾರತಿಗೆ ನಿಂತವರ ಹಾಗೆ ನಿಂತಿದ್ದರು.

"ಏನ್ ಕ್ಯಾಮೆ ಇಲ್ಲಿ?" ಎಂದ ಮಹದೇವು.

"ತಿನ್ನಂಗಿಲ್ಲ, ಮೂಸ್ಬಾರ್ದು ಅಂತ ಯಾರ್ ಅಂದವ್ರೆ?" ಎಂದಿತು ಒಂದು ದನಿ.

ಅಷ್ಟರಲ್ಲಿ ಗೋಡೆಯಾಚೆ ಚಿಕ್ಕನಂಜಮ್ಮನ ತಲೆ ಮೂಡಿತು. ಹಣೆಯಲ್ಲಿ ದೊಡ್ಡ ನಾಮ, ತಲೆಗೆ ಸ್ನಾನದ ಒದ್ದೆ ಟವೆಲು.

"ನಿನ್ ಮನೆ ಎಕ್ಕುಟ್ಟೋಗ! ಸ್ರಾವಣ ಸನಿವಾರ ಕಣ್ಲಾ ಇವತ್ತು! ಉಪ್ವಾಸ ಇರೋಳ್ ಮೂಗ್ಗೆ ಕಬಾಬ್ ಇಡ್ತಿದ್ದೀಯಲ್ಲಾ, ನೀನೇನ್ ಮನುಸ್ನಾ?"

"ಅಕ್ಕಾ, ಅದು ಬರೀ ಒಗೆ—"

"ಒಗೀದೆ ಏನ್ ಮಾಡ್ಲಿ? ಮಡಿ ಬಟ್ಟೆ ಎಲ್ಲಾ ಮೈಲಿಗೆ ಆಯ್ತು! ಎಲ್ಲಾನು ತಿರ್ಗಾ ಒಗೀಬೇಕು! ಬಾ, ನೀನೇ ಒಗುದ್ಕೊಡು ಬಾ!"

ಆಕೆ ತಂತಿಯಿಂದ ಬಟ್ಟೆಗಳನ್ನೆಲ್ಲ ಕಿತ್ತು, ಗಂಟು ಕಟ್ಟಿ, ತಲೆಯ ಮೇಲೆ ಹೊತ್ತು ನಾಲೆಯ ಕಡೆಗೆ ಹೊರಟಳು. ಬೈಗುಳ ಬೀದಿಯ ಕೊನೆಯವರೆಗೂ ಕೇಳಿಸಿ, ತಿರುವಿನಲ್ಲಿ ಮರೆಯಾಯಿತು. ಮಹದೇವು ಮುಖ ಒರೆಸಿಕೊಂಡ. ಇನ್ನೇನು, ಕಾಲು ಗಂಟೆ ಕಳೆದರೆ ಒಂದು ಗಂಟೆಯ ಲೆಕ್ಕ ಮುಗಿಯುತ್ತಿತ್ತು.

ಆಗ ಇಂಜಿನ್ನು ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಮುದುಕರು ಮಾತಿನ ನಡುವೆ ನಿದ್ದೆ ಹೋಗುವ ಹಾಗೆ ನಿಂತೇಹೋಯಿತು.

ಮಹದೇವು ಫಿಲ್ಟರು ಬಿಚ್ಚಿ ನೋಡಿದ. ಒಳಗೆ ಕರಿ ಗಸಿ ಗಟ್ಟಿಯಾಗಿ ಕೂತಿತ್ತು. ಬಯೋಡೀಸೆಲಿಗೆ ಒಂದು ಗುಣವಿದೆ: ಹೊಸ ಸೊಸೆ ಬಂದ ದಿನವೇ ಅಟ್ಟ ಗುಡಿಸಲು ಹತ್ತಿದಂತೆ, ಟ್ಯಾಂಕಿನ ತಳದಲ್ಲಿ ಇಪ್ಪತ್ತು ವರ್ಷದಿಂದ ತೆಪ್ಪಗೆ ಮಲಗಿದ್ದ ಕೊಳೆಯನ್ನೆಲ್ಲ ಎಬ್ಬಿಸಿ ಕಳಿಸುತ್ತದೆ. ಅಷ್ಟೂ ಬಂದು ಫಿಲ್ಟರಿನಲ್ಲಿ ಕಟ್ಟಿಕೊಂಡಿತ್ತು. ಹೊಸ ಫಿಲ್ಟರು ಬೇಕು. ಅದು ಸಿಗುವುದು ಮದ್ದೂರಿನಲ್ಲಿ.

ಹೊರಡುವ ಮುಂಚೆ ಅವನು ಗೋಡೆಯ ಹಿಂದೆ ಹೋಗಿ, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಬಟ್ಟೆಯನ್ನು ನೋಡಿದ. ಡೀಸೆಲಿನ ಬಟ್ಟೆಯಷ್ಟು ಕಪ್ಪಾಗಿರಲಿಲ್ಲ, ನಿಜ. ಆದರೆ ಬೆಳ್ಳಗೂ ಇರಲಿಲ್ಲ. ಒಲೆಯ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕರಿಯಯ್ಯನ ಜೇಬಿನ ಬೀಗ ಅವನ ಕಣ್ಣ ಮುಂದೆ ಬಂತು.

"ಸಣ್ಣಯ್ಯ, ನಾನ್ ಬರೋಗಂಟ ಈ ಬಟ್ಟೇನ ಯಾರೂ ಮುಟ್ದಂಗೆ ನೋಡ್ಕೊ."

"ನೀ ಓಗ್ಲಾ. ನೊಣಾನೂ ಕೂರಿಸಾಕಿಲ್ಲ," ಎಂದ ಸಣ್ಣಯ್ಯ. ಮಹದೇವುವಿನ ಮೊಪೆಡ್ಡು ಬೀದಿ ದಾಟುವುದರೊಳಗೆ ಅವನು ಮೂಟೆಗೆ ಒರಗಿ ಗೊರಕೆ ಹೊಡೆಯುತ್ತಿದ್ದ.

ಮದ್ದೂರಿನಲ್ಲಿ ಮೊದಲ ಅಂಗಡಿಯವನ ಹತ್ತಿರ ಆ ಅಳತೆಯ ಫಿಲ್ಟರು ಇರಲಿಲ್ಲ. ಎರಡನೆಯವನು ಊಟಕ್ಕೆ ಹೋಗಿದ್ದ. ಮೂರನೆಯವನು ಫಿಲ್ಟರನ್ನು ಕೈಯಲ್ಲಿ ಹಿಡಿದು, ಇಂಥ ಇಂಜಿನ್ನು ಇನ್ನೂ ಬದುಕಿದೆಯೇ ಎಂದು ಆಶ್ಚರ್ಯಪಟ್ಟು, ಅದರ ತಾತ ಮುತ್ತಾತರ ಕತೆಯನ್ನೆಲ್ಲ ವಿಚಾರಿಸಿದ ಮೇಲೆ ಕೊಟ್ಟ. ಹೊರಗೆ ಬಂದು ನೋಡಿದರೆ ಆಕಾಶ ಕಪ್ಪಿಟ್ಟಿತ್ತು. ನಾಲ್ಕು ಹನಿ ಬಿದ್ದವು. ಮಹದೇವು ಊರಿನ ದಿಕ್ಕಿಗೆ ಕತ್ತೆತ್ತಿ ನೋಡಿದ. ಮಳೆ ಕೊಪ್ಪಕ್ಕೂ ಹೋದರೆ? ಬಟ್ಟೆ ನೆನೆದರೆ? ನೆನೆದ ಬಟ್ಟೆಯನ್ನು ಮುಟ್ಟಿದ ಬಟ್ಟೆ ಎಂದೇ ಕರಿಯಯ್ಯ ಹೇಳುತ್ತಾನೆ.

ಬಸ್ ಸ್ಟ್ಯಾಂಡಿನ ಎದುರು ನಿಂತು ಹೆಂಡತಿ ಚಲುವಮ್ಮನಿಗೆ ಫೋನು ಮಾಡಿದ.

"ಲೇ, ಒಗೆ ಬಟ್ಟೆ!"

"ಯಾವ್ ಬಟ್ಟೆ?"

"ಒಗೆ ಬಟ್ಟೆ ಕಣಮ್ಮಿ, ಒಗೆ! ಪೈಪಿನ್ ತಾವ ಕಟ್ಟೈತಲ್ಲ, ಬಿಳೀದು. ಅದುನ್ನ ಬಿಚ್ಚಿ..."

ಅಲ್ಲಿಗೆ ಒಂದು ಬಸ್ಸು ಹಾರನ್ನು ಒತ್ತಿ ಹಿಡಿಯಿತು. ಡ್ರೈವರನಿಗೆ ಯಾರ ಮೇಲೆ ಸಿಟ್ಟಿತ್ತೋ ತಿಳಿಯದು. ಅದು ನಿಲ್ಲುವ ಹೊತ್ತಿಗೆ ಮಹದೇವು, "...ಮೇಡಂ ಬರೋದ್ರೊಳ್ಗೆ ಆಗಿರ್ಬೇಕು. ಜ್ವಾಪಾನ ಕಣಮ್ಮಿ!" ಎನ್ನುತ್ತಿದ್ದ.

"ಅಯ್ಯ, ಅಷ್ಟೇಯಾ? ಅದ್ಕ್ಯಾಕ್ ಇಂಗ್ ಬಡ್ಕೋತೀರಿ? ಆಯ್ತದೆ ಬುಡಿ," ಎಂದು ಚಲುವಮ್ಮ ಫೋನು ಇಟ್ಟಳು.

ಮಳೆ ನಾಲ್ಕು ಹನಿಗೇ ನಿಂತು ಬಿಸಿಲು ಬಂತು. ಮಹದೇವುವಿಗೆ ಸ್ವಲ್ಪ ಸಮಾಧಾನವಾಗಿ, ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ನೆನಪಾಯಿತು. ಆದರೂ ನಿಲ್ಲದೆ ಹೊರಟ. ಕೊಪ್ಪ ಇನ್ನೆರಡು ಮೈಲಿಯಿದೆ ಎನ್ನುವಾಗ ಹಿಂದಿನಿಂದ ಕರಿಯಯ್ಯನ ಗೂಡ್ಸ್ ಗಾಡಿ ಬರುವುದು ಕನ್ನಡಿಯಲ್ಲಿ ಕಾಣಿಸಿತು. ಮುಂದಿನ ಸೀಟಿನಲ್ಲಿ ಹೇಮಶ್ರೀ. ಹಿಂದೆ ಅವಳ ಪಂಕ್ಚರಾದ ಸ್ಕೂಟರು. ಮೊಪೆಡ್ಡಿನ ಕಿವಿ ಎಷ್ಟು ಹಿಂಡಿದರೂ ಅದು ತನ್ನ ಮರ್ಯಾದೆ ಮೀರಿ ಓಡುವ ಗಾಡಿಯಾಗಿರಲಿಲ್ಲ. ಪುಣ್ಯಕ್ಕೆ ದಾರಿಗೆ ಎಮ್ಮೆಗಳ ಹಿಂಡೊಂದು ಅಡ್ಡ ಬಂದು, ಮೊಪೆಡ್ಡನ್ನು ಸಂದಿಯಲ್ಲಿ ಬಿಟ್ಟು ಗೂಡ್ಸ್ ಗಾಡಿಯನ್ನು ತಡೆಯಿತು.

ಮಹದೇವು ಗಿರಣಿಯ ಹಿಂದಕ್ಕೆ ಓಡಿದ. ಕೊಳವೆಯ ಎದುರು ತಂತಿಯ ಬಳೆ ಬರಿದಾಗಿ ನೇತಾಡುತ್ತಿತ್ತು. ಒಳ್ಳೆಯದೇ ಆಯಿತು, ಒಳಗಿಟ್ಟಿದ್ದಾಳೆ ಎಂದುಕೊಂಡು ಮನೆಗೆ ನುಗ್ಗಿದ.

ಚಲುವಮ್ಮ ನಡುಮನೆಯಲ್ಲಿ ಕುಳಿತು, ಕೆಂಡ ತುಂಬಿದ ತಾಮ್ರದ ಚೊಂಬಿನಿಂದ ಏನನ್ನೋ ತಿಕ್ಕುತ್ತಿದ್ದಳು. ಮಲ್ಲಿಗೆಯ ಘಮ ಬರುತ್ತಿತ್ತು.

"ಬಟ್ಟೆ ಎಲ್ಲೇ?"

"ಇದೇ. ಇನ್ನೊಂದ್ ಮಗ್ಗುಲು ಇಸ್ತ್ರಿ ಆಗ್ಬೇಕು, ತಡೀರಿ."

ಮಹದೇವು ನೋಡಿದ. ಬಟ್ಟೆ ಕೊಕ್ಕರೆಯ ರೆಕ್ಕೆಯ ಹಾಗೆ ಬೆಳ್ಳಗಿತ್ತು. ಬರೀ ಬಿಳುಪಲ್ಲ, ನೀಲಿ ಹಾಕಿ ಅದ್ದಿದ್ದ ಬಿಳುಪು. ಗಂಜಿ ಹಾಕಿದ್ದರಿಂದ ಹಪ್ಪಳದ ಹಾಗೆ ಸೆಟೆದು ನಿಂತಿತ್ತು.

ಅವನ ಬಾಯಿಂದ ಮೊದಲು ಗಾಳಿ ಬಂತು, ಆಮೇಲೆ ಮಾತು.

"ಒಗ್ದ್‌ಬುಟ್ಯಾ?"

"ನೀವೇ ಅಲ್ವಾ ಒಗೆ ಒಗೆ ಅಂತ ಬಡ್ಕೊಂಡುದ್ದು? ಅದೇನ್ ಕೊಳೆ, ಅದೇನ್ ಕೊಳೆ! ಮೂರ್ ಸಲ ಸೋಪ್ ಆಕ್ದೆ. ಮೇಡಂಗೆ ವಾಪಸ್ ಕೊಡೋದು, ನಾಕ್ ಜನ ನೋಡೋದು, ಅಂತ ನೀಲಿ, ಗಂಜಿ, ವಾಸ್ನೆ ಪೌಡ್ರು ಎಲ್ಲಾ..."

"ಒಗೆ ಅಲ್ಲ ಕಣೇ! ಒಗೆ! ಒಗೆ!"

"ಅದ್ನೇ ನಾನೂ ಏಳ್ತಿರೋದು."

"ಒಲೇಲ್ ಬರ್ತದಲ್ಲ, ಒಗೆ! ಕಣ್ ಉರೀತದಲ್ಲ, ಒಗೆ!"

ಕೊಪ್ಪದ ಕಡೆ 'ಹ' ಅಕ್ಷರವನ್ನು ಸ್ಕೂಲಿನ ಪರೀಕ್ಷೆಗೆಂದು ಕಲಿತು, ಪರೀಕ್ಷೆ ಮುಗಿದ ಮೇಲೆ ಸ್ಕೂಲಿನಲ್ಲೇ ಬಿಟ್ಟು ಬರುತ್ತಾರೆ. ಅದರಿಂದ ಇಷ್ಟು ವರ್ಷ ಯಾರಿಗೂ ಯಾವ ನಷ್ಟವೂ ಆಗಿರಲಿಲ್ಲ. ಚಲುವಮ್ಮನಿಗೆ ಮೆಲ್ಲಗೆ ಅರ್ಥವಾಯಿತು. ಚೊಂಬನ್ನು ಕೆಳಗಿಟ್ಟಳು.

"ಅಂಗಂತ ಸರ್ಯಾಗ್ ಏಳ್ಬಾರ್ದಾ?" ಎಂದಳು.

ಅಷ್ಟರಲ್ಲಿ ಕಣ್ಣುಜ್ಜಿಕೊಳ್ಳುತ್ತ ಸಣ್ಣಯ್ಯ ಬಂದ.

"ನೊಣಾನೂ ಕೂರ್ಸಾಕಿಲ್ಲ ಅಂದ್ಯಲ್ಲೋ!" ಎಂದು ಮಹದೇವು ಅವನ ಮೇಲೆ ಹರಿಹಾಯ್ದ.

"ನೊಣ ಎಲ್ಲಿ ಕೂತೈತೆ ತೋರ್ಸು. ಯಾರೂ ಮುಟ್ದಂಗೆ ನೋಡ್ಕೊ ಅಂದೆ. ನಿನ್ ಎಂಡ್ರು ಯಾರೋನಾ?" ಎಂದು ಸಣ್ಣಯ್ಯ ಬಟ್ಟೆಯನ್ನು ಬೆಳಕಿಗೆ ಹಿಡಿದು ಮೆಚ್ಚಿಕೊಂಡ. ವಿಷಯ ತಿಳಿದ ಮೇಲೂ ಅವನು ಧೈರ್ಯಗೆಡಲಿಲ್ಲ. "ಇದ್ಕ್ಯಾಕ್ ಯೋಚ್ನೆ? ಒಲೆ ಮೇಲಿನ್ ಮಡ್ಕೆ ತಳ ಮುಟ್ಟಿ, ವಸಿ ಸವರ್ಬುಡು. ಮಸಿ ಮಸಿನೇ ತಾನೆ?"

ಮುಳುಗುವವನಿಗೆ ಹುಲ್ಲುಕಡ್ಡಿಯೂ ತೆಪ್ಪ. ಮಹದೇವು ನೀರೊಲೆಯ ಹಂಡೆಯ ತಳಕ್ಕೆ ಎರಡೂ ಅಂಗೈ ಒತ್ತಿ, ಇದ್ದಲಿನ ಹಾಗೆ ಕಪ್ಪಾದ ಕೈಗಳನ್ನು ಮುಂದೆ ಚಾಚಿಕೊಂಡು ಬಂದ. ಬೆರಳು ಬಟ್ಟೆಯಿಂದ ಒಂದು ಗೇಣು ದೂರವಿತ್ತು. ಚಲುವಮ್ಮ ಅವನ ಮಣಿಕಟ್ಟಿನ ಮೇಲೆ ಪಟ್ಟೆಂದು ಹೊಡೆದಳು.

"ಮುಟ್ಟುದ್ರೆ ನೋಡಿ! ಇನ್ನೂ ಈಗ್ತಾನೆ ಒಗ್ದಿವ್ನಿ!"

ಅದು ಅವಳ ಬುದ್ಧಿಯ ಮಾತಲ್ಲ, ಮೂವತ್ತು ವರ್ಷದ ಅಭ್ಯಾಸದ ಮಾತು. ಅವಳಿಗೂ ನಾಚಿಕೆಯಾಗಿ, "ಸರಿ, ಆಕ್ಕೊಳಿ," ಎನ್ನುವಷ್ಟರಲ್ಲಿ ಬಾಗಿಲ ಹೊರಗೆ ಗೂಡ್ಸ್ ಗಾಡಿ ನಿಂತ ಸದ್ದು ಕೇಳಿತು. ಸಣ್ಣಯ್ಯ ಬಟ್ಟೆಯನ್ನು ಕಿತ್ತುಕೊಂಡು ಹಿತ್ತಲಿಗೆ ಓಡಿ, ತಂತಿಯ ಬಳೆಗೆ ಸಿಕ್ಕಿಸಿ ಬಂದ. ಮಹದೇವು ಕೈಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟು, ಶಾಲಾ ಪ್ರಾರ್ಥನೆಗೆ ನಿಂತ ಹುಡುಗನ ಹಾಗೆ ಗಿರಣಿಯ ಮುಂದೆ ನಿಂತ.

"ಇಂಜಿನ್ ಒಂದು ಗಂಟೆ ಓಡಿತಾ ಅಣ್ಣಾ?" ಎಂದು ಕೇಳುತ್ತ ಹೇಮಶ್ರೀ ನೇರವಾಗಿ ಹಿಂದಕ್ಕೆ ಹೋದಳು. ಮಹದೇವು ತಲೆಯಾಡಿಸಿದ. ಅದು ಹೌದೋ ಅಲ್ಲವೋ ಯಾರಿಗೂ ತಿಳಿಯುವಂತಿರಲಿಲ್ಲ.

ಕೊಳವೆಯ ಎದುರು ಹೇಮಶ್ರೀ ನಿಂತೇಬಿಟ್ಟಳು. ಚೀಲದಿಂದ ಬೆಳಗಿನ ಕಪ್ಪು ಬಟ್ಟೆ ತೆಗೆದು ಪಕ್ಕದಲ್ಲಿ ಹಿಡಿದಳು. ಆಮೇಲೆ ಭೂತಗನ್ನಡಿ ತೆಗೆದಳು.

"ಒಂದು ಕಣ ಇಲ್ಲ," ಎಂದಳು. "ಮೆಂಬರ್ ಸರ್, ಮಸಿಯ ಒಂದೇ ಒಂದು ಕಣ ಇಲ್ಲ!"

ಮಹದೇವು ಕಣ್ಣು ಮುಚ್ಚಿಕೊಂಡು, ಬೀಗ ಹಾಕುವ ಸದ್ದಿಗೆ ಕಾದ. ಅದು ಬರಲಿಲ್ಲ.

ಅವಳು ಚಿಮುಟದಿಂದ ಬಟ್ಟೆಯನ್ನು ಬಿಡಿಸಿದಳು. ಅದು ಬಾಗದೆ, ತಗಡಿನ ಹಾಗೆ ನೆಟ್ಟಗೆ ನಿಂತಿತು. "ಇಷ್ಟು ಬಿರುಸು ಯಾಕೆ?" ಎಂದು ತನಗೆ ತಾನೇ ಕೇಳಿಕೊಂಡಳು.

"ಗಂಜಿ..." ಎಂದು ಶುರು ಮಾಡಿದ ಸಣ್ಣಯ್ಯನ ಕಾಲನ್ನು ಮಹದೇವು ತುಳಿದ.

"ಗ್ಲಿಸರಿನ್," ಎಂದಳು ಹೇಮಶ್ರೀ, ಯಾರ ಮಾತನ್ನೂ ಕೇಳಿಸಿಕೊಳ್ಳದೆ. "ಎಣ್ಣೆಯಲ್ಲಿ ಸ್ವಲ್ಪ ಗ್ಲಿಸರಿನ್ ಉಳಿದಿರಬೇಕು, ಅದೇ ಪದರ ಕಟ್ಟಿದೆ. ಇಲ್ಲಿ ನೋಡಿ, ಒಂಥರಾ ನೀಲಿ ಛಾಯೆ! ನೈಟ್ರೋಜನ್ ಆಕ್ಸೈಡ್ ಜಾಸ್ತಿ ಆಗುತ್ತೆ ಅಂತ ನಾನು ಹೇಳಿರಲಿಲ್ಲವೇ? ಆದರೆ ಅದು ಬಟ್ಟೆ ಮೇಲೆ ಬಣ್ಣ ಬಿಡುತ್ತೆ ಅಂತ ಯಾರೂ ಬರೆದಿಲ್ಲ. ಯಾರೂ!" ಮೂಗಿನ ಹತ್ತಿರ ತಂದಳು. "ಈ ಸುವಾಸನೆ ಎಸ್ಟರಿನದು. ಮಲ್ಲಿಗೆ ಥರ ಇದೆ."

ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡಳು. ಬಟ್ಟೆಯನ್ನು ಮೆಷಿನ್ನಿಗೆ ಹಾಕಿ ತೆಗೆಯುವ ಮನೆಯಲ್ಲಿ ಬೆಳೆದ ಹುಡುಗಿಗೆ ನೀಲಿಯೂ ಗಂಜಿಯೂ ಹೇಗೆ ತಿಳಿಯಬೇಕು? ಎರಡು ವರ್ಷದಿಂದ ತನ್ನ ಗೈಡು ತನ್ನನ್ನು ನಂಬಿರಲಿಲ್ಲ, ನಾಳೆ ನಂಬುತ್ತಾರೆ ಎಂದಳು. ಕಣ್ಣಂಚಿನಲ್ಲಿ ನೀರಿತ್ತು. ಮಹದೇವುವಿಗೆ ಬೀಗಕ್ಕಿಂತ ಆ ನೀರು ಹೆಚ್ಚು ಹೆದರಿಕೆ ಹುಟ್ಟಿಸಿತು.

ಕರಿಯಯ್ಯ ಎದೆ ಉಬ್ಬಿಸಿದ. "ನಮ್ ವಾರ್ಡಿನ್ ಇಂಜಿನ್ನು ಮೇಡಂ! ನಮ್ ವಾರ್ಡಿನ್ ನೀರೇ ಅಂತಾದ್ದು!"

ಆ ಹೊತ್ತಿಗೆ ಒದ್ದೆ ಬಟ್ಟೆಯ ಗಂಟು ಹೊತ್ತು ಚಿಕ್ಕನಂಜಮ್ಮ ಹಿಂದಿರುಗಿದಳು. ದೂರು ಕೊಟ್ಟವಳು ಆಕೆಯೇ ಆದ್ದರಿಂದ ಕರಿಯಯ್ಯ ಬಟ್ಟೆಯನ್ನು ತೋರಿಸಿ, "ಈಗೇನಂತೀಯವ್ವ?" ಎಂದ. ಆಕೆ ಗಂಟು ಇಳಿಸಿ, ಬಟ್ಟೆಯನ್ನು ನೋಡಿದಳು. ಒಂದು ಸಲ ನೋಡಿದ್ದು ಸಾಕಾಯಿತು. ಐವತ್ತು ವರ್ಷ ಬಟ್ಟೆ ಒಗೆದ ಕಣ್ಣು ಅದು. ಬಟ್ಟೆಯಿಂದ ಚಲುವಮ್ಮನ ನೀಲಿ ಬೆರಳುಗಳಿಗೆ, ಅಲ್ಲಿಂದ ಮಹದೇವುವಿನ ಮುಖಕ್ಕೆ ಆಕೆಯ ನೋಟ ನಿಧಾನವಾಗಿ ನಡೆದು ಬಂತು. ಮೆಲ್ಲಗೆ ಅವನ ಪಕ್ಕಕ್ಕೆ ಸರಿದಳು.

"ನೀಲಿ ವಸಿ ಜಾಸ್ತಿ ಆಗೈತೆ ಕಣ್ಲಾ ಮಾದೇವ," ಎಂದು ಪಿಸುಗುಟ್ಟಿದಳು.

ಮಹದೇವು ಬೆನ್ನ ಹಿಂದಿನ ಕೈಗಳನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಕೊಂಡ.

"ಅಣ್ಣಾ," ಎಂದು ಹೇಮಶ್ರೀ ಅವನ ಕಡೆ ತಿರುಗಿದಳು, "ನಿಮ್ಮ ಇಂಜಿನ್ ಪಾಸಾಯ್ತು. ಆದರೆ ಇಂಥ ಫಲಿತಾಂಶವನ್ನು ಒಂದೇ ಬಟ್ಟೆ ನೋಡಿ ಯಾರೂ ಒಪ್ಪೋದಿಲ್ಲ. ಹೊಗೆ ಅಳೆಯೋ ಯಂತ್ರ ಮಂಡ್ಯದ ಲ್ಯಾಬಿನಲ್ಲಿದೆ, ಅದು ಇಲ್ಲಿಗೆ ಬರಲ್ಲ. ಇಂಜಿನ್ನೇ ಅಲ್ಲಿಗೆ ಬರಬೇಕು. ಆರು ತಿಂಗಳು."

"ಆರ್ ತಿಂಗ್ಳಾ! ಮಿಲ್ಲು ಓಡ್ಬೇಕಲ್ಲ ಮೇಡಂ!"

"ಬಲವಂತ ಏನಿಲ್ಲ. ಇಷ್ಟ ಇಲ್ಲದಿದ್ರೆ ಬಿಡಿ. ನಾಳೆ ಬೆಳಗ್ಗೆ ಇಲ್ಲೇ, ಎಲ್ಲರ ಎದುರಿಗೆ ಇನ್ನೊಂದು ಸಲ ಬಟ್ಟೆ ಕಟ್ಟಿ ನೋಡೋಣ. ಇವತ್ತಿನ ಹಾಗೇ ಬಂದರೆ ಅಷ್ಟು ಸಾಕು."

"ಅದೇ ಒಳ್ಳೇದು ಮೇಡಂ!" ಎಂದಳು ಚಿಕ್ಕನಂಜಮ್ಮ, ಊರಿಗೇ ಕೇಳುವ ಹಾಗೆ. "ಇಲ್ಲೇ ಕಟ್ಟಿ. ಕುರ್ಚಿ ಆಕ್ಕೊಂಡು ಬಟ್ಟೆ ತಾವ ನಾನೇ ಕಾಯ್ತೀನಿ. ಇವತ್ತಿನ್ ಬಟ್ಟೇನೂ ನಾಳೆ ಬಟ್ಟೇನೂ ಅಕ್ಕಪಕ್ಕ ಇಟ್ಟು—"

"ಬ್ಯಾಡ!" ಎಂದು ಮಹದೇವು ಚೀರಿದ. ಎಲ್ಲರೂ ತಿರುಗಿ ನೋಡಿದರು. ಅವನು ದನಿ ತಗ್ಗಿಸಿದ. "ಬ್ಯಾಡ ಮೇಡಂ. ತಗೊಂಡೋಗಿ. ಇಂಜಿನ್ ತಗೊಂಡೋಗಿ. ಈಗ್ಲೇ. ವಿಜ್ಞಾನಕ್ಕಿಂತ ಎಚ್ಚಾ ನಮ್ ಮಿಲ್ಲು?"

ಕರಿಯಯ್ಯ ಚಪ್ಪಾಳೆ ತಟ್ಟಿದ. ಬೆಳಗ್ಗೆ ಕಬಾಬಿನ ಹೊಗೆಗೆ ಸೇರಿದ್ದವರೆಲ್ಲ ಮತ್ತೆ ಬಂದಿದ್ದರು, ಅವರೂ ತಟ್ಟಿದರು. ಸಣ್ಣಯ್ಯ ಸ್ಪ್ಯಾನರು ಹಿಡಿದು ಬೋಲ್ಟು ಬಿಚ್ಚಲು ನಿಂತ. ಎಂಟು ಜನ ಹಗ್ಗ ಬಿಗಿದು, "ಐಸಾ" ಎಂದು ಇಂಜಿನ್ನನ್ನು ಗೂಡ್ಸ್ ಗಾಡಿಗೆ ಏರಿಸಿದರು. ಮಹದೇವು ಕೈ ಹಾಕಲಿಲ್ಲ. ಕೈಯನ್ನು ಇನ್ನೂ ಬೆನ್ನ ಹಿಂದಿನಿಂದ ತೆಗೆಯುವಂತಿರಲಿಲ್ಲ. ಅದನ್ನು ಕಂಡ ಊರಿನವರು, ಪಾಪ, ಅಪ್ಪನ ಕಾಲದ ಇಂಜಿನ್ನು, ಸಂಕಟವಾಗುತ್ತದೆ ಎಂದು ಮಾತಾಡಿಕೊಂಡರು. ಕರಿಯಯ್ಯ ಎಲ್ಲಿಂದಲೋ ಒಂದು ಸೇವಂತಿಗೆ ಹಾರ ತರಿಸಿ ಇಂಜಿನ್ನಿನ ಕೊರಳಿಗೆ, ಅಂದರೆ ಹ್ಯಾಂಡಲ್ಲಿಗೆ, ಹಾಕಿದ.

ಹೇಮಶ್ರೀ ಗಾಡಿ ಹತ್ತಿ ಕುಳಿತು, ಕಿಟಕಿಯಿಂದ ಕೈ ಮುಗಿದಳು.

"ತುಂಬ ಉಪಕಾರ ಆಯ್ತು, ಅಣ್ಣಾ. ನಿಮಗೊಂದು ಮಾತು ಹೇಳಲಾ? ನಾನು ಇಷ್ಟು ನಿರೀಕ್ಷೆ ಮಾಡಿರಲಿಲ್ಲ. ಬಟ್ಟೆ ಬೂದಿ ಬಣ್ಣಕ್ಕೆ ಬಂದಿದ್ರೂ ಪಾಸೇ. ಡೀಸೆಲಿನ ಅರ್ಧದಷ್ಟು ಮಸಿ ಇದ್ರೂ ನಮಗೆ ಸಾಕಿತ್ತು. ಒಂದು ಸಹಿ ಹಾಕಿ, ಇಂಜಿನ್ ನಿಮ್ಮಲ್ಲೇ ಬಿಟ್ಟು ಹೊರಟುಬಿಡ್ತಿದ್ದೆ. ಆಗ ಇದೆಲ್ಲ ಎಲ್ಲಿ ಗೊತ್ತಾಗ್ತಿತ್ತು?"

ಗಾಡಿ ಹೊರಟಿತು. ಮಹದೇವು ಅಲ್ಲೇ ನಿಂತಿದ್ದ. ಸಣ್ಣಯ್ಯ ಬೀಸದ ರಾಗಿಯ ಮೂಟೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು, "ಬತ್ತೀನಿ ಕಣ್ಲಾ. ಎಂಗೋ ಬಚಾವಾದೆ," ಎಂದು ಭುಜ ತಟ್ಟಿ ಹೋದ. ಚಿಕ್ಕನಂಜಮ್ಮ ತನ್ನ ತಂತಿಯ ಮೇಲೆ ಒಂದೊಂದೇ ಬಟ್ಟೆ ಹರವುತ್ತ ಏನೋ ದೇವರ ಹಾಡು ಗುನುಗುತ್ತಿದ್ದಳು. ಆರು ತಿಂಗಳು ಎಲ್ಲಿ ಬೇಕಾದರೂ ಹರವಬಹುದಿತ್ತು.

ಸಂಜೆ ಕರೆಂಟು ಹೋಯಿತು. ಚಲುವಮ್ಮ ಕಾಫಿ ತಂದು ಗಂಡನ ಕೈಗೆ ಕೊಟ್ಟಳು. ಅವನು ಖಾಲಿ ಗಿರಣಿಯಲ್ಲಿ, ನೆಲದಿಂದ ಮೇಲೆದ್ದಿದ್ದ ನಾಲ್ಕು ಬೋಲ್ಟುಗಳ ನಡುವೆ ಕುಳಿತಿದ್ದ. ಅವಳೂ ಪಕ್ಕದಲ್ಲಿ ಕುಳಿತಳು. ಅವಳ ಬೆರಳುಗಳ ನೀಲಿ ಇನ್ನೂ ಹೋಗಿರಲಿಲ್ಲ. ಸೋಪು ಹಿಡಿದು ಹಿಡಿದು ತುದಿಗಳು ಸುಕ್ಕಾಗಿದ್ದವು.

"ಅಷ್ಟೊಂದ್ ಬೈಯೋಕ್ ಬಂದ್ರಿ ಆಗ," ಎಂದಳು. "ಇಂಜಿನ್ ಆರ್ ತಿಂಗ್ಳಿಗಾದ್ರೂ ಬತ್ತದೆ. ಬೀಗ ಬಿದ್ದಿದ್ರೆ? ನಾನ್ ಒಗೀದೆ ಇದ್ದಿದ್ರೆ ಇಷ್ಟೊತ್ಗೆ ಬೀಗ ಬಿದ್ದಿರೋದು. ಔದಾ ಅಲ್ವಾ?"

ಒಗೆಯುವ ಮುಂಚೆ ಆ ಬಟ್ಟೆಯ ಬಣ್ಣ ಏನಿತ್ತೆಂದು ಗಮನವಿಟ್ಟು ನೋಡಿದವನು ಊರಿನಲ್ಲಿ ಅವನೊಬ್ಬನೇ. ಮಹದೇವು ಒಂದು ಗುಟುಕು ಕಾಫಿ ಕುಡಿದ. ಮುಖ ಅರಳಿಸಿಕೊಂಡು ಉತ್ತರಕ್ಕೆ ಕಾಯುತ್ತಿದ್ದ ಹೆಂಡತಿಯನ್ನು ನೋಡಿದ.

"ಔದು," ಎಂದ.

ಮಿಕ್ಕಿದ್ದನ್ನು ಈ ಜನ್ಮದಲ್ಲಿ ಯಾರಿಗೂ ಹೇಳಬಾರದು ಎಂದು ತೀರ್ಮಾನಿಸಿದ.